‘ತೋಳ ಗ್ಯಾರಂಟಿ’ ಎನ್ನುವ ಟೂರ್‌ಗೆ ದುಡ್ಡು ಕಟ್ಟುವ ಮುನ್ನ

ತೋಳ ನೋಡುವ ಆಸೆ ಇರುವವರು ಇದನ್ನೊಮ್ಮೆ ಓದಿ. ‘ನೂರಕ್ಕೆ ನೂರು ತೋರಿಸ್ತೀವಿ, ಮರಿಗಳ ಸಮೇತ’ ಅಂತ ಜಾಹೀರಾತು ಹಾಕಿದ್ದ ಟೂರ್‌ನವರ ಜೊತೆ ಹೋಗಿ ಬಂದಿದ್ದೇನೆ. ಹೆಸರು ಬರೆಯುವುದಿಲ್ಲ. ಇಂಥ ಗ್ಯಾರಂಟಿ ಕೊಡುವವರು ಇವರೊಬ್ಬರೇ ಅಲ್ಲ.

ಕಾಡುಪ್ರಾಣಿಯನ್ನು ಗ್ಯಾರಂಟಿಯಾಗಿ ತೋರಿಸಬೇಕೆಂದರೆ ಮಾಂಸ ಹಾಕಿ ಬರುವಂತೆ ಮಾಡಬೇಕು. ಇಲ್ಲವೇ ಅದು ಎಲ್ಲಿಗೂ ಹೋಗಲಾಗದ ಹೊತ್ತು ನೋಡಿ ಅದರ ಬಾಗಿಲಲ್ಲೇ ಕಾಯಬೇಕು. ನಮ್ಮನ್ನು ಕರೆದುಕೊಂಡು ಹೋದದ್ದು ಮರಿ ಹಾಕಿದ ಬಿಲದ ಹತ್ತಿರಕ್ಕೆ.

ಬೆಳಕು ಹರಿಯುವ ಮೊದಲೇ ಅಲ್ಲಿದ್ದೆವು. ಗೈಡ್ ಫೋನ್ ಮಾಡಿದ, ಸ್ವಲ್ಪ ಹೊತ್ತಲ್ಲೇ ಇನ್ನಷ್ಟು ಗಾಡಿಗಳು ಬಂದು ಬಿಲವನ್ನು ಅರ್ಧ ಸುತ್ತುವರಿದವು. ಬೇಟೆಗೆ ಹೋಗಿದ್ದ ತೋಳ ವಾಪಸ್ ಬಂತು. ದೂರದಲ್ಲೇ ನಿಂತಿತು. ಒಂದು ಸುತ್ತು ಹಾಕಿತು, ಕುಳಿತಿತು, ಮತ್ತೆ ಎದ್ದಿತು. ದೊಡ್ಡ ತೋಳಗಳು ಮಾಂಸವನ್ನು ಹೊಟ್ಟೆಯಲ್ಲೇ ತುಂಬಿಕೊಂಡು ಬಂದು ಮರಿಗಳಿಗೆ ಕಕ್ಕಿ ಕೊಡುತ್ತವೆ. ಅದು ಬಿಲಕ್ಕೆ ಬರುವ ದಾರಿಯಲ್ಲೇ ನಮ್ಮ ಗಾಡಿ ನಿಂತಿತ್ತು. ಕೊನೆಗೆ ಅದು ಬಂದ ದಾರಿಯಲ್ಲೇ ಹೊರಟುಹೋಯಿತು.

ಮರಿಗಳು ಹೊರಬರಲಿಲ್ಲ ಅಂತ ಗೈಡ್ ಫೋನಿನಲ್ಲಿ ತೋಳ ಊಳಿಡುವ ಸದ್ದು ಹಾಕಿದ. ಬಂದವು. ಎಲ್ಲರಿಗೂ ಫೋಟೋ ಸಿಕ್ಕಿತು. ಅದು ಸಾಲದೆಂದು ಯಾರೋ ಡ್ರೋನ್ ಹಾರಿಸಿದರು. ಗಾಡಿ ಹಿಂದೆ ತೆಗೆಯಿರಿ ಅಂದೆ. ‘ಅವಕ್ಕೆ ಅಭ್ಯಾಸ ಆಗಿದೆ ಸಾರ್, ಹೆದರಿದ್ರೆ ಓಡಿಹೋಗ್ತಿರಲಿಲ್ವಾ?’ ಅಂದ. ಮಾರನೆಯ ದಿನ ಹೋದರೆ ಬಿಲ ಖಾಲಿ. ಹೀಗೆ ಕಾಟ ಕೊಟ್ಟರೆ ತೋಳ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆ ಕಡೆ ಸಾಗಿಸಿಬಿಡುತ್ತದೆ. ‘ಹೊಸ ಬಿಲ ಹುಡುಕಿಕೊಡ್ತೀವಿ, ಇನ್ನೊಂದು ದಿನದ ದುಡ್ಡು ಕಟ್ಟಿ’ ಅಂದರು! ನಾನು ಕಟ್ಟಲಿಲ್ಲ. ಉಳಿದ ದಿನದ ಹಣವನ್ನು ಅವರು ವಾಪಸ್ ಕೊಡಲೂ ಇಲ್ಲ.

ಈ ‘ಅಭ್ಯಾಸ ಆಗಿದೆ’ ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಓಡದೆ ನಿಂತ ಪ್ರಾಣಿ ಆರಾಮಾಗಿದೆ ಅಂತ ಅರ್ಥವಲ್ಲ. ಕೀನ್ಯಾದ ಮಸಾಯಿ ಮಾರಾದ ಚೀತಾಗಳ ಬಗ್ಗೆ 2018ರಲ್ಲಿ ಒಂದು ಅಧ್ಯಯನ ಬಂತು. ಪ್ರವಾಸಿಗರು ಕಡಿಮೆ ಇರುವ ಕಡೆ ಒಂದು ಸೂಲಿಗೆ ಸರಾಸರಿ 2.3 ಮರಿಗಳು ಬೆಳೆದು ಸ್ವತಂತ್ರವಾಗುತ್ತಿದ್ದವು. ಜಾಸ್ತಿ ಇರುವ ಕಡೆ 0.2. ಪ್ರವಾಸಿಗರು ನೇರವಾಗಿ ಮರಿ ಕೊಂದರು ಅಂತ ಅಲ್ಲ. ಗಾಡಿಗಳ ಗದ್ದಲದಿಂದ ತಾಯಿಯ ಬೇಟೆ ತಪ್ಪಿರಬಹುದು, ನಡವಳಿಕೆ ಬದಲಾಗಿರಬಹುದು ಅನ್ನುವುದು ಸಂಶೋಧಕರ ಅಂದಾಜು. ಸ್ಥಳದಲ್ಲಿ ನಿಂತು ನೋಡುವ ನಮಗೆ ಇದ್ಯಾವುದೂ ಕಾಣುವುದಿಲ್ಲ. ಇನ್ನು ನಿಜವಾಗಿಯೇ ಅಭ್ಯಾಸವಾದರೆ ಅದು ಇನ್ನೂ ಕೆಟ್ಟದ್ದು. ಮನುಷ್ಯರ ಭಯ ಬಿಟ್ಟ ತೋಳ ನಾಳೆ ಬಂದೂಕಿನವನ ಎದುರಿಗೂ ಹಾಗೇ ನಿಲ್ಲುತ್ತದೆ, ಅಲ್ವಾ?

ಹಾಗಂತ ತೋಳ ನೋಡಲೇಬಾರದು ಅನ್ನುತ್ತಿಲ್ಲ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 1995ರಲ್ಲಿ ತೋಳಗಳನ್ನು ಮರಳಿ ತಂದು ಬಿಟ್ಟರು. ಅಲ್ಲಿನ ಲಮಾರ್ ಕಣಿವೆಯಲ್ಲಿ ಜನ ರಸ್ತೆಬದಿಯಲ್ಲೇ ನಿಂತು ದುರ್ಬೀನಿನಲ್ಲಿ ನೋಡುತ್ತಾರೆ. ತೋಳ, ಕರಡಿಗಳಿಂದ ಕನಿಷ್ಠ 91 ಮೀಟರ್ ದೂರ ಇರಲೇಬೇಕು. ಕೂಗು ಹಾಕಿ ಕರೆಯುವುದು, ರಾತ್ರಿ ಲೈಟ್ ಹಾಕಿ ಹುಡುಕುವುದು ಎರಡಕ್ಕೂ ಅಲ್ಲಿ ನಿಷೇಧ. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ 2025ರಿಂದ ಹಿಮಕರಡಿಗೆ 300 ಮೀಟರ್ ಅಂತರ, ಮಾರ್ಚ್‌ನಿಂದ ಜೂನ್‌ವರೆಗೆ 500. ಫೋಟೋದಲ್ಲಿ ಪ್ರಾಣಿ ಚುಕ್ಕಿಯಷ್ಟೇ ಕಾಣಬಹುದು. ಆದರೆ ಅದು ಬೇಟೆಯಾಡುವುದು, ಆಡುವುದು, ಜಗಳವಾಡುವುದು ಎಲ್ಲ ನೋಡಲು ಸಿಗುತ್ತದೆ. ನಮಗೆ ಸಿಕ್ಕಿದ್ದು ಗಾಬರಿಯಾಗಿ ಸುತ್ತು ಹಾಕುವ ತೋಳ.

ಬುಕ್ ಮಾಡುವ ಮೊದಲು ಫೋನ್ ಮಾಡಿ ಕೇಳಿ: ಬಿಲದ ಹತ್ತಿರ ಹೋಗ್ತೀರಾ? ಎಷ್ಟು ದೂರ ನಿಲ್ಲಿಸ್ತೀರಾ? ಒಂದೇ ಕಡೆ ಎಷ್ಟು ಗಾಡಿ ಸೇರಬಹುದು? ಪ್ರಾಣಿ ಕಾಣದಿದ್ದರೆ ಏನು ಮಾಡ್ತೀರಾ? ‘ಕಾಣದಿದ್ದರೆ ಕಾಣಲಿಲ್ಲ, ಅಷ್ಟೇ’ ಅಂದವರ ಜೊತೆ ಧೈರ್ಯವಾಗಿ ಹೋಗಿ. ಅವರ ಪೇಜಿನಲ್ಲಿರುವ ಫೋಟೋಗಳನ್ನೂ ನೋಡಿ. ಪ್ರತಿ ಫೋಟೋದಲ್ಲೂ ಪ್ರಾಣಿ ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದರೆ, ಬಿಲದ ಬಾಯಲ್ಲಿ ಕೂತ ಮರಿಗಳೇ ತುಂಬಿದ್ದರೆ, ಅವರು ಎಷ್ಟೇ ಡಿಸ್ಕೌಂಟ್ ಕೊಟ್ಟರೂ ಬೇಡ. ಈಗಾಗಲೇ ಇಂಥ ಫೋಟೋ ತೆಗೆದವರು ಸುಮ್ನೆ ಲೊಕೇಶನ್ ಹಾಕಿ ಹಂಚಬೇಡಿ. ಮುಂದಿನ ಗಾಡಿಗೆ ದಾರಿ ತೋರಿಸುವುದು ಅದೇ.