ದೊಡ್ಡ ಡೇಕೇರ್ ಮತ್ತು ಎರಡು ಬೀದಿ ಆಚೆಯ ಅಜ್ಜಿ ಮನೆ: ನಮ್ಮ ಅನುಭವ

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಅಜ್ಜಿ ಮನೆಗೆ. ರಾಜಾಜಿನಗರದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ, ಅಂಗನವಾಡಿ ಟೀಚರ್ ಆಗಿ ನಿವೃತ್ತರಾದವರೊಬ್ಬರು ಸೊಸೆ ಜೊತೆ ಸೇರಿ ಆರು ಮಕ್ಕಳನ್ನು ನೋಡಿಕೊಳ್ತಾರೆ. ಅದಕ್ಕೂ ಮುಂಚೆ ಮಗಳನ್ನು ಒಂದು ದೊಡ್ಡ ಚೈನ್ ಡೇಕೇರ್‌ಗೆ ಬಿಡ್ತಿದ್ವಿ. ಆಗ ಅವಳಿಗೆ ಒಂದೂವರೆ ವರ್ಷ.

ದೊಡ್ಡ ಡೇಕೇರ್ ಜಾಗ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ನೆಲಕ್ಕೆ ಮೆತ್ತನೆ ಮ್ಯಾಟ್, ಮೇಜಿನ ಮೂಲೆಗಳಿಗೆ ರಬ್ಬರ್, ಡಯಾಪರ್ ಬದಲಿಸಿದ ಸಮಯವೂ ಆ್ಯಪ್‌ನಲ್ಲಿ. ತಲೆನೋವು ಶುರುವಾಗಿದ್ದು ಊಟದ ವಿಷಯದಲ್ಲಿ.

ಮನೆ ಊಟ ಕಳಿಸುವ ಹಾಗಿಲ್ಲ. ಒಬ್ಬರ ಡಬ್ಬಿಯಲ್ಲಿ ಕಡಲೆಬೀಜ ಇದ್ದು ಇನ್ನೊಂದು ಮಗುವಿಗೆ ಅಲರ್ಜಿ ಆದರೆ ಏನು ಗತಿ ಅಂದರು. ನ್ಯಾಯವಾದ ಮಾತೇ. ಆದರೆ ಊಟ ಹೊರಗಿನಿಂದ ಬರ್ತಿತ್ತು: ಒಂದು ದಿನ ಪಲಾವ್, ಒಂದು ದಿನ ಪಾಸ್ತಾ, ಇನ್ನೊಂದು ದಿನ ಚಪಾತಿ ಪಲ್ಯ. ನಮ್ಮವಳಿಗೆ ದವಡೆ ಹಲ್ಲು ಆಗಷ್ಟೇ ಹುಟ್ತಿತ್ತು. ಅನ್ನ ಮೆತ್ತಗಿರಬೇಕು, ತುತ್ತು ಚಿಕ್ಕದಿರಬೇಕು, ಅದನ್ನೂ ಕೆನ್ನೆಯಲ್ಲಿ ಇಟ್ಟುಕೊಂಡು ಐದು ನಿಮಿಷ ಕೂರ್ತಾಳೆ. ಅಲ್ಲಿ ಊಟಕ್ಕೆ ಇದ್ದಿದ್ದು ಅರ್ಧ ಗಂಟೆ, 12.30ಕ್ಕೆ ಲೈಟ್ ಆರಿಸಿ ಮಲಗಿಸಬೇಕು. ಎಂಟು ಮಕ್ಕಳಿಗೆ ಒಬ್ಬರೇ ಆಯಾ. ಅವರನ್ನು ದೂರೋದಿಲ್ಲ, ಎರಡು ಕೈಯಲ್ಲಿ ಎಷ್ಟು ಮಕ್ಕಳಿಗೆ ತಿನ್ನಿಸೋಕಾಗುತ್ತೆ?

ಆ್ಯಪ್‌ನಲ್ಲಿ ಮಾತ್ರ ದಿನಾ ಊಟದ ಮುಂದೆ ಹಸಿರು ಟಿಕ್. ಸಂಜೆ ಮಗಳು ಚಪ್ಪಲಿ ಬಿಚ್ಚೋ ಮೊದಲೇ ಅಡುಗೆಮನೆಗೆ ಓಡಿ, ಬೆಳಿಗ್ಗೆ ಉಳಿದ ಅನ್ನಕ್ಕೇ ಕೈ ಹಾಕೋಳು. ಕ್ಯಾಮೆರಾದಲ್ಲಿ ನೋಡೋಣ ಅಂದರೆ ಅದು ಆಟದ ಕೋಣೆ ಮಾತ್ರ ತೋರಿಸುತ್ತೆ, ಊಟದ ಮೇಜು ಕಾಣೋದಿಲ್ಲ. ಕೊನೆಗೆ ನೇರವಾಗಿ ಕೇಳಿದೆ. ತಟ್ಟೆ ಮುಂದಿಟ್ಟರೆ ಟಿಕ್ ಹಾಕ್ತಾರಂತೆ! ಮಗು ಎಷ್ಟು ತಿಂತು, ಎಷ್ಟು ಬಿಡ್ತು ಅಂತ ಬರೆಯೋಕೆ ಅದರಲ್ಲಿ ಜಾಗವೇ ಇಲ್ಲ. ಇವಳಿಗೊಬ್ಬಳಿಗೆ ಮೆತ್ತಗಿನ ಅನ್ನ ಕೊಡಿ ಅಂದೆ, ಡಾಕ್ಟರ್ ಚೀಟಿ ತನ್ನಿ ಅಂದರು. ತಿಂಗಳಿಗೆ 14,000 ಕೊಟ್ಟೂ ಮಗು ಹಸ್ಕೊಂಡು ಬರೋದನ್ನ ನೋಡೋಕಾಗಲಿಲ್ಲ, ಬಿಡಿಸಿದ್ವಿ.

ಅಜ್ಜಿ ಮನೆಯಲ್ಲಿ ಅನ್ನ, ತೊವ್ವೆ, ಮೇಲೆ ಒಂದು ಚಮಚ ತುಪ್ಪ. ಚೆನ್ನಾಗಿ ಕಿವುಚಿ, ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕೈತುತ್ತು ಕೊಡ್ತಾರೆ. ಮಲಗಿಸೋ ಮುಂಚೆ ಒಂದೊಂದೇ ಮಗುವಿನ ಬಾಯಿ ತೆಗೆಸಿ, ಕೆನ್ನೆಯೊಳಗೆ ತುತ್ತು ಉಳಿದಿದೆಯಾ ಅಂತ ನೋಡ್ತಾರೆ, ನಿದ್ದೆಯಲ್ಲಿ ಗಂಟಲಿಗೆ ಸಿಕ್ಕಿಕೊಳ್ಳಬಾರದಲ್ಲ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿಯೇ ಕೊಡೋದು. ಕಡಲೆಬೀಜ ಮಕ್ಕಳ ಕೈಗೆ ಸಿಗೋದೇ ಇಲ್ಲ. ಸಂಜೆ ಹೋದರೆ "ಇವತ್ತು ಅರ್ಧ ತಟ್ಟೆ ಅಷ್ಟೇ ಕಣಮ್ಮ, ರಾತ್ರಿ ಬೇಗ ತಿನ್ನಿಸು" ಅಂತಾರೆ. ನನಗೆ ಬೇಕಿದ್ದ ರಿಪೋರ್ಟ್ ಇದು.

ಸಂಪಿನ ಮುಚ್ಚಳಕ್ಕೆ ಬೀಗ, ಮೆಟ್ಟಿಲಿಗೆ ಪುಟ್ಟ ಗೇಟು, ಬಚ್ಚಲಲ್ಲಿ ಬಕೆಟ್ ಬೋರಲು. ಇವನ್ನೆಲ್ಲ ನೋಡಿಯೇ ಒಪ್ಪಿದ್ದು. ಮಗಳನ್ನು ಕರ್ಕೊಂಡು ಬರೋಕೆ ನನ್ನ ತಮ್ಮ ಹೋದಾಗ, ನನಗೆ ಫೋನ್ ಮಾಡಿ ನನ್ನ ಬಾಯಿಂದ ಕೇಳೋವರೆಗೂ ಗೇಟ್ ತೆಗೀಲಿಲ್ಲ. ಚೈನ್‌ನಲ್ಲಿ ಇದಕ್ಕೆ ಓಟಿಪಿ ಇತ್ತು. ಈ ವಿಷಯದಲ್ಲಿ ಎರಡೂ ಸಮ.

ಆಫೀಸ್ ಕ್ರೆಶ್, ಅಂದರೆ ಕೆಲಸದ ಜಾಗದವರೇ ಮಕ್ಕಳನ್ನು ನೋಡಿಕೊಳ್ಳೋ ವ್ಯವಸ್ಥೆ, ಇಲ್ವಾ ಅಂತ ಕೆಲವರು ಕೇಳ್ತಾರೆ. 2017ರ ಹೆರಿಗೆ ಸೌಲಭ್ಯ ಕಾಯ್ದೆ ತಿದ್ದುಪಡಿಯಲ್ಲಿ ಬಂದ ನಿಯಮದ ಪ್ರಕಾರ 50 ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಅದು ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಬಹುದು. ನಮ್ಮಲ್ಲೂ ಇದೆ. ಆದರೆ ಬೆಳಗಿನ ಮೆಟ್ರೋ ನೂಕುನುಗ್ಗಲಲ್ಲಿ ಮಗು, ಬ್ಯಾಗು ಎರಡನ್ನೂ ಹೊತ್ಕೊಂಡು ಹೋಗೋಕೆ ನನ್ನಿಂದಾಗಲ್ಲ. ಆಫೀಸ್ ಹತ್ತಿರವೇ ಮನೆ ಇರೋರು ಖಂಡಿತ ಅದನ್ನೇ ನೋಡಿ.

ಅಜ್ಜಿ ಮನೆಯ ತೊಂದರೆ ಒಂದೇ, ಹಬ್ಬದ ರಜೆ. ವರಮಹಾಲಕ್ಷ್ಮಿ, ಗೌರಿ ಹಬ್ಬ ಬಂದರೆ ಬಾಗಿಲು ಹಾಕ್ತಾರೆ, ನಮ್ಮ ಆಫೀಸ್ ಹಾಕಲ್ಲ. ನಮ್ಮತ್ತೆ ಹಬ್ಬಕ್ಕೆ ಹೇಗೂ ಊರಿಂದ ಬರೋದರಿಂದ ನಡೀತಿದೆ. ಊಟ ಸೇರಿ 8,500, ಇದು ನಮ್ಮ ಕೈಗೆಟುಕುವ ಫೀಸು. ಮಗು ತಾನೇ ಕಲಸಿಕೊಂಡು ತಿನ್ನೋಷ್ಟು ದೊಡ್ಡದಾಗಿದ್ದರೆ, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ದೊಡ್ಡ ಡೇಕೇರೇ ಅನುಕೂಲ. ನಮ್ಮವಳಂತೂ 3 ವರ್ಷ ತುಂಬೋವರೆಗೂ ಇಲ್ಲೇ.

ಡೇಕೇರ್ ನೋಡೋಕೆ ಹೋಗೋರು ಊಟದ ಹೊತ್ತಿಗೇ ಹೋಗಿ. ಆ ಹೊತ್ತಿಗೆ ಒಳಗೆ ಬಿಡಲ್ಲ ಅಂದರೆ ಬೇರೆ ಕಡೆ ನೋಡಿ.