ಹೈಬ್ರಿಡ್ ಕಾರು, ಕ್ಲಚ್ ಕಾರು: ಒಂದೇ ಮನೆಯ ಎರಡು ಖರ್ಚಿನ ಲೆಕ್ಕ

ರಾಜಾಜಿನಗರದ ನಮ್ಮ ಮನೆಯ ಮುಂದೆ ಎರಡು ಕಾರುಗಳು ನಿಲ್ಲುತ್ತವೆ. ಒಂದು ನನ್ನದು, ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ ಸ್ಟ್ರಾಂಗ್ ಹೈಬ್ರಿಡ್. ಇನ್ನೊಂದು ತಮ್ಮನದು, ಕ್ಲಚ್ಚು ಗೇರುಗಳಿರುವ ಸಾಮಾನ್ಯ ಪೆಟ್ರೋಲ್ ಕಾರು. 2023ರ ಆರಂಭದಲ್ಲಿ ಎರಡು ತಿಂಗಳ ಅಂತರದಲ್ಲಿ ಎರಡೂ ಮನೆಗೆ ಬಂದವು, ಗಾತ್ರವೂ ಹೆಚ್ಚುಕಡಿಮೆ ಒಂದೇ. ನನ್ನದಕ್ಕೆ ಮೂರು ಲಕ್ಷ ರೂಪಾಯಿ ಹೆಚ್ಚು ಕೊಟ್ಟೆನೆಂಬುದನ್ನು ಮನೆಯಲ್ಲಿ ಇಂದಿಗೂ ಯಾರಾದರೊಬ್ಬರು ನೆನಪಿಸುತ್ತಾರೆ. ನಾನು ಯಾವ ಕಾರಿನ ಪರ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಾಳೆ ಮತ್ತೆ ಕೊಳ್ಳಬೇಕಾಗಿ ಬಂದರೂ ಹೈಬ್ರಿಡ್ಡನ್ನೇ ಕೊಳ್ಳುತ್ತೇನೆ. ಆದರೆ ನಿರ್ವಹಣೆಯ ಖರ್ಚು ಕಡಿಮೆಯೆಂದು ನಂಬಿ ಕೊಳ್ಳುವುದಿಲ್ಲ. ಮೂರು ವರ್ಷಗಳ ಬಿಲ್ಲುಗಳನ್ನು ಒಂದೇ ಕಡತದಲ್ಲಿಟ್ಟು ಕೂಡಿಸಿ ನೋಡಿದ ಮೇಲೆ ಬಂದ ಮಾತು ಇದು.

ಮೈಲ್ಡ್ ಹೈಬ್ರಿಡ್ ಎಂದು ಮಾರಾಟವಾಗುವ ಕಾರುಗಳು ಈ ಲೆಕ್ಕದಲ್ಲಿಲ್ಲ. ಅವುಗಳಲ್ಲಿ ಒಂದು ಪುಟ್ಟ ಮೋಟಾರು ಎಂಜಿನ್ನಿಗೆ ನೆರವಾಗುತ್ತದೆಯೇ ಹೊರತು ತಾನೊಂದೇ ಕಾರನ್ನು ಎಳೆಯುವುದಿಲ್ಲವಾದ್ದರಿಂದ, ಅವುಗಳ ಖರ್ಚನ್ನು ಪೆಟ್ರೋಲ್ ಕಾರಿನ ಖರ್ಚೆಂದೇ ತಿಳಿಯಬಹುದು.

ವಾಡಿಕೆಯ ಸರ್ವಿಸಿನಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ಎರಡಕ್ಕೂ 10,000 ಕಿ.ಮೀ. ಅಥವಾ ಒಂದು ವರ್ಷಕ್ಕೊಮ್ಮೆ ಆಯಿಲ್, ಆಯಿಲ್ ಫಿಲ್ಟರ್ ಬದಲಿಸಬೇಕು. ನನ್ನ ಕಾರಿಗೆ ಹಾಕುವ ತೆಳು ಸಿಂಥೆಟಿಕ್ ಆಯಿಲಿನ ಬೆಲೆ ತುಸು ಹೆಚ್ಚು. ಜೊತೆಗೆ ವಿದ್ಯುತ್ ಮೋಟಾರನ್ನು ಓಡಿಸುವ ದೊಡ್ಡ ಬ್ಯಾಟರಿಗೆ ಗಾಳಿ ಒಯ್ಯುವ ದಾರಿಯ ಜಾಲರಿಯನ್ನು ದೂಳು ಹೊಡೆದು ಶುಚಿಗೊಳಿಸಬೇಕು. ಅದು ಹತ್ತು ನಿಮಿಷದ ಕೆಲಸ. 56,000 ಕಿ.ಮೀ.ಗೆ ನನ್ನ ಐದು ಸರ್ವಿಸುಗಳಿಗೆ 39,000 ರೂಪಾಯಿ, 48,000 ಕಿ.ಮೀ.ಗೆ ತಮ್ಮನ ನಾಲ್ಕು ಸರ್ವಿಸುಗಳಿಗೆ 30,500 ರೂಪಾಯಿ ಆಗಿದೆ.

ಹೈಬ್ರಿಡ್ ಗೆಲ್ಲುವುದು ಸವೆಯುವ ಭಾಗಗಳಲ್ಲಿ. ತಮ್ಮ ದಿನವೂ ಪೀಣ್ಯಕ್ಕೆ ಹೋಗಿಬರುತ್ತಾನೆ. ತುಮಕೂರು ರಸ್ತೆಯಲ್ಲಿ ಅರ್ಧ ಕ್ಲಚ್ಚಿನಲ್ಲೇ ತೆವಳಬೇಕಾದ ಆ ಪ್ರಯಾಣಕ್ಕೆ ಅವನ ಕಾರಿನ ಕ್ಲಚ್ 45,000 ಕಿ.ಮೀ.ಗೇ ಸೋತಿತು. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್, ಕೂಲಿ ಎಲ್ಲ ಸೇರಿ 17,000 ರೂಪಾಯಿ. ಮುಂದಿನ ಚಕ್ರಗಳ ಬ್ರೇಕ್ ಪ್ಯಾಡಿಗೆ ಬೇರೆ 3,800 ರೂಪಾಯಿ. ನನ್ನ ಕಾರಿನಲ್ಲಿ ಕಾಲಿನಿಂದ ಒತ್ತುವ ಕ್ಲಚ್ಚೇ ಇಲ್ಲ. ಎಂಜಿನ್ನನ್ನು ಚಾಲೂ ಮಾಡುವ ಪ್ರತ್ಯೇಕ ಸ್ಟಾರ್ಟರ್ ಇಲ್ಲ, ಆಲ್ಟರ್ನೇಟರ್ ಸಹ ಇಲ್ಲ, ಆ ಕೆಲಸಗಳನ್ನೆಲ್ಲ ಹೈಬ್ರಿಡ್ ಮೋಟಾರುಗಳ ವ್ಯವಸ್ಥೆಯೇ ನೋಡಿಕೊಳ್ಳುತ್ತದೆ. ವೇಗ ತಗ್ಗಿಸುವಾಗ ಮೋಟಾರೇ ಜನರೇಟರಾಗಿ ಕಾರನ್ನು ಹಿಡಿದೆಳೆದು ಬ್ಯಾಟರಿ ತುಂಬಿಸುವುದರಿಂದ ಪ್ಯಾಡುಗಳಿಗೆ ಉಳಿಯುವ ಕೆಲಸ ಕಡಿಮೆ, ಹಾಗಾಗಿ ಅವು ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿವೆ. ಆದರೆ ಬಳಕೆ ಕಡಿಮೆಯಾದ ಕಾರಣಕ್ಕೇ ಮಳೆಗಾಲದಲ್ಲಿ ಬ್ರೇಕ್ ಡಿಸ್ಕಿನ ಮೇಲೆ ತುಕ್ಕು ಹಿಡಿಯುತ್ತದೆ, ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ಪಿನ್ನುಗಳಿಗೆ ಗ್ರೀಸ್ ಹಚ್ಚುವಂತೆ ಪ್ರತಿ ಸರ್ವಿಸಿನಲ್ಲೂ ನೆನಪಿಸಬೇಕಾಗುತ್ತದೆ.

ದೊಡ್ಡ ಬ್ಯಾಟರಿ ಕೆಟ್ಟರೆ ಗತಿಯೇನು ಎಂದು ಕೇಳದ ನೆಂಟರಿಲ್ಲ. ಇಲ್ಲಿ ಮಾರುವ ಪ್ರಮುಖ ಕಂಪನಿಗಳು ಆ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ, ಅಲ್ಲಿಯವರೆಗೆ ನನಗೆ ಅದರ ಚಿಂತೆಯಿಲ್ಲ.

ನನ್ನನ್ನು ಕಾಡಿದ್ದು ಯಾರೂ ಕೇಳದ ಸಣ್ಣ ಬ್ಯಾಟರಿ. ಬಹುತೇಕ ಎಲ್ಲ ಕಾರುಗಳಲ್ಲಿ ಇರುವಂತೆ ಹೈಬ್ರಿಡ್ಡಿನಲ್ಲೂ 12 ವೋಲ್ಟಿನ ಒಂದು ಬ್ಯಾಟರಿ ಇರುತ್ತದೆ. ಎಂಜಿನ್ನನ್ನು ತಿರುಗಿಸುವ ಭಾರ ಇಲ್ಲದ್ದರಿಂದ ನನ್ನ ಕಾರಿನಲ್ಲಿ ಅದರ ಗಾತ್ರವೂ ಚಿಕ್ಕದು. ಕಳೆದ ವರ್ಷ ಮಗಳ ಬಾಣಂತನಕ್ಕೆಂದು ಮೈಸೂರಿಗೆ ಹೋದವರು ಇಪ್ಪತ್ತೈದು ದಿನ ಅಲ್ಲೇ ಉಳಿದೆವು. ಹಿಂದಿರುಗಿದ ದಿನ ರಿಮೋಟ್ ಒತ್ತಿದರೆ ಕಾರು ಕಣ್ಣೂ ಮಿಟುಕಿಸಲಿಲ್ಲ. ರಿಮೋಟಿನ ಹೊಟ್ಟೆಯಲ್ಲಿ ಒಂದು ಲೋಹದ ಕೀಲಿ ಅಡಗಿರುತ್ತದೆ ಎಂಬುದನ್ನು ಕೈಪಿಡಿ ಓದಿ ತಿಳಿದು, ಅದರಿಂದ ಬಾಗಿಲು ತೆರೆದು ಒಳಗೆ ಕುಳಿತರೂ ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಹೊತ್ತಲಿಲ್ಲ.

ದೊಡ್ಡ ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ ಕಾರು ಏಕೆ ಕದಲಲಿಲ್ಲ ಎಂಬುದು ಅಂದು ನನಗೆ ತಿಳಿಯಲಿಲ್ಲ. ಸುರಕ್ಷತೆಗಾಗಿ, ಕಾರು ಆಫ್ ಆಗಿರುವಾಗ ದೊಡ್ಡ ಬ್ಯಾಟರಿಯನ್ನು ರಿಲೇ ಎಂಬ ವಿದ್ಯುತ್ ಸ್ವಿಚ್ಚುಗಳ ಮೂಲಕ ಉಳಿದೆಲ್ಲದರಿಂದ ಬೇರ್ಪಡಿಸಿ ಇಟ್ಟಿರುತ್ತಾರೆ. ಆ ರಿಲೇಗಳನ್ನು ಮುಚ್ಚಿ ಸಂಪರ್ಕ ಕೂಡಿಸುವುದಕ್ಕೂ ಕಂಪ್ಯೂಟರುಗಳನ್ನು ಎಬ್ಬಿಸುವುದಕ್ಕೂ ಬೇಕಾಗುವುದು 12 ವೋಲ್ಟಿನ ವಿದ್ಯುತ್. ಊಟದ ಮನೆಯ ತುಂಬ ಅಡುಗೆ ಇದ್ದು ಬೀಗದ ಕೈ ಕಳೆದಂತೆ. ಕಾರು 'ರೆಡಿ' ಸ್ಥಿತಿಯಲ್ಲಿದ್ದಾಗ ಮಾತ್ರ ದೊಡ್ಡ ಬ್ಯಾಟರಿ ಸಣ್ಣದನ್ನು ತುಂಬಿಸುತ್ತದೆ. ನಿಂತ ಕಾರಿನಲ್ಲಿ ಅಲಾರ್ಮ್, ಬೀಗದ ವ್ಯವಸ್ಥೆ, ಫೋನಿಗೆ ಸುದ್ದಿ ಕಳಿಸುವ ಯಂತ್ರ ಎಲ್ಲವೂ ಅದನ್ನು ಹನಿಹನಿಯಾಗಿ ಹೀರುತ್ತಲೇ ಇರುತ್ತವೆ.

ತಮ್ಮನ ಕಾರಿಗೂ ಒಮ್ಮೆ ಹೀಗೇ ಆಗಿತ್ತು. ನಾವಿಬ್ಬರೂ ಅದನ್ನು ಬೀದಿಯ ಇಳಿಜಾರಿಗೆ ತಳ್ಳಿದೆವು, ಅವನು ಎರಡನೇ ಗೇರಿನಲ್ಲಿಟ್ಟು ಕ್ಲಚ್ ಬಿಟ್ಟ, ಎಂಜಿನ್ ಗುರ್ರೆಂದಿತು. ಖರ್ಚು ಎರಡು ಲೋಟ ಕಾಫಿ. ಹೈಬ್ರಿಡ್ಡನ್ನು ಎಷ್ಟು ತಳ್ಳಿದರೂ ಪ್ರಯೋಜನವಿಲ್ಲ. ಬೇರೆ ಕಾರಿನ ಬ್ಯಾಟರಿಯಿಂದ ಕೇಬಲ್ ಜೋಡಿಸಿ ಎಬ್ಬಿಸಬಹುದು, ಆದರೆ ಯಾವ ತುದಿಯನ್ನು ಎಲ್ಲಿ ಕಚ್ಚಿಸಬೇಕೆಂಬುದನ್ನು ಕೈಪಿಡಿ ನೋಡಿಯೇ ಮಾಡಬೇಕು. ನಮ್ಮ ಬೀದಿಯ ಮೆಕ್ಯಾನಿಕ್ ಬಾನೆಟ್ಟಿನ ಕೆಳಗಿನ ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ನೋಡಿದವನೇ, "ಇದಕ್ಕೆ ನಾನು ಕೈ ಹಾಕಲ್ಲ ಸಾರ್, ಶೋರೂಮಿನವರನ್ನೇ ಕರೀರಿ" ಎಂದು ಹಿಂದೆ ಸರಿದ. ಅವನು ಮಾಡಿದ್ದು ಸರಿ. ಆ ಬಣ್ಣ ಅಪಾಯಕಾರಿ ವೋಲ್ಟೇಜಿನ ಗುರುತು. ಮರುದಿನ ಮಧ್ಯಾಹ್ನ ಬಂದ ಸರ್ವಿಸ್ ಕೇಂದ್ರದವರು ಸಣ್ಣ ಬ್ಯಾಟರಿ ಪೂರ್ತಿ ಸತ್ತಿದೆಯೆಂದು ಹೇಳಿ ಹೊಸದಕ್ಕೆ 9,200 ರೂಪಾಯಿ ಪಡೆದರು. ವಾರಂಟಿಯ ಬಗ್ಗೆ ಕೇಳಿದ್ದಕ್ಕೆ, ಬಳಸದೆ ನಿಲ್ಲಿಸಿದ್ದರಿಂದ ಹಾಳಾಗಿರುವುದು ಅದರೊಳಗೆ ಬರುವುದಿಲ್ಲವೆಂದರು. ಕಾರು ಕೊಡುವ ದಿನ ಪರದೆಯಲ್ಲಿ ಹಾಡು ಹಾಕುವುದನ್ನು ಅರ್ಧ ಗಂಟೆ ವಿವರಿಸಿದ್ದವರು, ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಹೀಗೆ ಮಾಡಿ ಎಂಬ ಒಂದು ಮಾತನ್ನು ಹೇಳಿದ್ದರೆ ಆ ಹಣ ಉಳಿಯುತ್ತಿತ್ತು ಎಂಬ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಟೈರುಗಳನ್ನು ಬಿಟ್ಟು ಕೂಡಿಸಿದರೆ ನನ್ನ ಖರ್ಚು 48,200, ತಮ್ಮನದು 51,300 ರೂಪಾಯಿ. ಅಂದರೆ ಕಿಲೋಮೀಟರಿಗೆ ನನ್ನದು 86 ಪೈಸೆ, ಅವನದು 1 ರೂಪಾಯಿ 7 ಪೈಸೆ. ಇಲ್ಲಿಗೇ ನಿಲ್ಲಿಸಿದರೆ ನಾನು ಗೆದ್ದಂತೆ. ಆದರೆ ವಿಮೆಯೂ ಕಾರಿನ ನಿರ್ವಹಣೆಯ ಖರ್ಚೇ. ಥರ್ಡ್ ಪಾರ್ಟಿ ವಿಮೆಯಲ್ಲಿ ಹೈಬ್ರಿಡ್ ವಾಹನಗಳಿಗೆ 2022ರಿಂದ ಶೇ. 7.5ರಷ್ಟು ರಿಯಾಯಿತಿ ಇದೆ. 1000ರಿಂದ 1500 ಸಿಸಿಯ ಕಾರಿಗೆ 2022ರಲ್ಲಿ ನಿಗದಿಯಾದ 3,416 ರೂಪಾಯಿಯ ವಾರ್ಷಿಕ ಕಂತಿನಲ್ಲಿ ಇದರಿಂದ ಉಳಿಯುವುದು ಸುಮಾರು 256 ರೂಪಾಯಿ, ಮಲ್ಲೇಶ್ವರದಲ್ಲಿ ಇಬ್ಬರ ತಿಂಡಿಗೆ ಸರಿಹೋಗುತ್ತದೆ. ಕಾರಿನ ಸ್ವಂತ ಹಾನಿಯ ವಿಮೆ ಮಾತ್ರ ಕಾರಿನ ಬೆಲೆಯನ್ನೇ ಅನುಸರಿಸುವುದರಿಂದ, ಈವರೆಗೆ ನಾನು ತಮ್ಮನಿಗಿಂತ 15,000 ರೂಪಾಯಿ ಹೆಚ್ಚು ಕಟ್ಟಿದ್ದೇನೆ. ಅದನ್ನು ಸೇರಿಸಿದರೆ ನನ್ನ ಲೆಕ್ಕ ಕಿಲೋಮೀಟರಿಗೆ 1 ರೂಪಾಯಿ 13 ಪೈಸೆಗೆ ಏರಿ ಅವನದನ್ನು ಮೀರುತ್ತದೆ. ಮುಂದೆ ವಾರಂಟಿ ಮುಗಿದ ಮೇಲೆ ಅವನು ಜೆ.ಸಿ. ರಸ್ತೆಯಿಂದ ಬಿಡಿಭಾಗ ತಂದು ಬೀದಿಯ ಮೆಕ್ಯಾನಿಕ್ಕಿನಿಂದಲೇ ಕೆಲಸ ಮುಗಿಸಿಕೊಳ್ಳುತ್ತಾನೆ. ನನಗೆ ಆ ದಾರಿಯಿಲ್ಲ.

ಹಾಗಾದರೂ ನಾನು ಹೈಬ್ರಿಡ್ಡಿನ ಕಡೆಯೇ ಇರುವುದಕ್ಕೆ ನನ್ನ ಎಡ ಮೊಣಕಾಲು ಮತ್ತು ಎಲೆಕ್ಟ್ರಾನಿಕ್ ಸಿಟಿಯ ದಾರಿ ಕಾರಣ. ವಾರದಲ್ಲಿ ಐದು ದಿನ ಸಿಲ್ಕ್ ಬೋರ್ಡ್ ದಾಟಬೇಕಾದ ನನಗೆ ಲೀಟರಿಗೆ 21 ಕಿ.ಮೀ. ಸಿಗುತ್ತದೆ, ತಮ್ಮನಿಗೆ 13. ಪೆಟ್ರೋಲ್ ನೂರು ರೂಪಾಯಿ ದಾಟಿರುವಾಗ ಈ ಒಂದು ಅಂತರವೇ ಇಷ್ಟರಲ್ಲಿ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಉಳಿಸಿದೆ. ತಿಂಗಳಿಗೆ ಐನೂರು ಕಿ.ಮೀ. ಓಡಿಸುವವರಿಗೆ, ಅದರಲ್ಲೂ ಕಾರನ್ನು ಊರಿನ ಮನೆಯಲ್ಲಿ ವಾರಗಟ್ಟಲೆ ನಿಲ್ಲಿಸುವವರಿಗೆ, ನಾನು ತಮ್ಮನ ಕಾರನ್ನೇ ತೋರಿಸುತ್ತೇನೆ.

ಈಗ ಹತ್ತನೇ ನಂಬರಿನ ಸ್ಪ್ಯಾನರ್ ಒಂದನ್ನು ಚಪ್ಪಲಿ ಗೂಡಿನ ಮೇಲೆ ಇಟ್ಟಿದ್ದೇನೆ. ಮೈಸೂರಿಗೆ ಹೋಗುವ ದಿನ ಸಣ್ಣ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಲೋಹದ ಕೀಲಿಯಿಂದ ಬಾಗಿಲಿಗೆ ಬೀಗ ಹಾಕಿ, ತಮ್ಮನ ಕಾರಿನಲ್ಲಿ ಹೊರಡುತ್ತೇವೆ.