ಮೂರು ಜೊತೆ ಊರುಗೋಲು, ಒಂದು ಮಲೆನಾಡಿನ ಮಳೆಗಾಲ

ಊರುಗೋಲು ಕೊಳ್ಳುವವರು ಸಾಮಾನ್ಯವಾಗಿ ಅಂಗಡಿಯ ಒಣ ಟೈಲ್ಸ್ ಮೇಲೆ ನಾಲ್ಕು ಹೆಜ್ಜೆ ಹಾಕಿ ನೋಡಿ ದುಡ್ಡು ಕೊಡುತ್ತಾರೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕೊಂಡ ಕೋಲು ಸಂಜೆಗೆ ಹೊಸನಗರದ ಕಡೆಯ ಮನೆ ಮುಟ್ಟುತ್ತದೆ. ಅಲ್ಲಿರುವುದು ಪಾಚಿ ಕಟ್ಟಿದ ಅಂಗಳ, ಜಂಬಿಟ್ಟಿಗೆ ಮೆಟ್ಟಿಲು, ತೋಟಕ್ಕಿಳಿಯುವ ಕೆಮ್ಮಣ್ಣಿನ ಜಾರು. ಲೆಕ್ಕ ತಪ್ಪುವುದು ಅಲ್ಲೇ.

ಮರದ ಕಂಕುಳ ಕೋಲು, ಅಲ್ಯೂಮಿನಿಯಂ ಕಂಕುಳ ಕೋಲು, ಮೊಣಕೈ ಕೋಲು (ಅಂಗಡಿಯವರ ಬಾಯಲ್ಲಿ ಎಲ್ಬೋ ಸ್ಟಿಕ್) ಈ ಮೂರನ್ನೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಅಂಗಳ, ಒಂದೇ ಬಸ್‌ಸ್ಟಾಪಿನ ದಾರಿಯಲ್ಲಿ ಬಳಸಿ ನೋಡಿದ ಹೋಲಿಕೆ ಇದು. ವಾಕರ್ ಈ ಪಂದ್ಯದಲ್ಲಿಲ್ಲ. ನಾಲ್ಕು ಕಾಲೂ ಒಟ್ಟಿಗೆ ಊರುವಷ್ಟು ಸಮತಟ್ಟು ಜಾಗ ಮಲೆನಾಡಿನಲ್ಲಿ ಜಗಲಿ ಬಿಟ್ಟರೆ ಇಲ್ಲ.

ಮರದ್ದು

ಊರ ಬಡಗಿಯೇ ರಿಪೇರಿ ಮಾಡಬಲ್ಲ ಎಂಬುದು ಇದರ ದೊಡ್ಡ ಗುಣ. ಚಳಿಯ ಬೆಳಿಗ್ಗೆ ಹಿಡಿ ತಣ್ಣಗೆ ಕೊರೆಯುವುದಿಲ್ಲ, ನಡೆಯುವಾಗ ಸದ್ದೂ ಕಡಿಮೆ. ಆದರೆ ಒಂದೊಂದು ಕೋಲೂ ಒಂದು ಕಿಲೋಗೆ ಮೀರಿ ತೂಗುತ್ತದೆ, ನೆನೆದ ಮೇಲೆ ಇನ್ನೂ ಭಾರ. ಆಷಾಢ ಮುಗಿಯುವಷ್ಟರಲ್ಲಿ ಕಂಕುಳ ದಿಂಬಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ಬೋಲ್ಟಿನ ತೂತು ಉಬ್ಬಿ, ಒಣಗಿ, ಸಡಿಲವಾಗುತ್ತದೆ. ರೆಕ್ಕೆ ನಟ್ಟು ತುಕ್ಕು ಹಿಡಿದರೆ ಎತ್ತರ ಬದಲಿಸುವ ಮಾತೇ ಇಲ್ಲ. ಮರದ್ದನ್ನೇ ಬಳಸುವವರು ಮೇ ತಿಂಗಳಲ್ಲೇ ಕಬ್ಬಿಣದ ಬೋಲ್ಟ್ ತೆಗೆದು ಸ್ಟೇನ್‌ಲೆಸ್ ಸ್ಟೀಲಿನದು ಹಾಕಿಸಲಿ. ಎರಡೂ ಕಡೆ ವಾಷರ್ ಇರಲಿ; ಇಲ್ಲದಿದ್ದರೆ ನಟ್ಟು ಮೆತ್ತಗಾದ ಮರದೊಳಗೆ ಇಳಿಯುತ್ತದೆ.

ಅಲ್ಯೂಮಿನಿಯಂ ಕಂಕುಳ ಕೋಲು

ಹಗುರ, ತುಕ್ಕಿಲ್ಲ, ಸ್ಪ್ರಿಂಗ್ ಗುಂಡಿ ಒತ್ತಿದರೆ ಎತ್ತರ ಬದಲು. ಯಾರೂ ಹೇಳದ ತೊಂದರೆ ಕೊಳವೆಯೊಳಗೆ ಇದೆ. ಎತ್ತರದ ತೂತುಗಳಿಂದ ಮಳೆ ನೀರು ಒಳಗಿಳಿಯುತ್ತದೆ, ಬುಡದಲ್ಲಿ ಬುಷ್ (ರಬ್ಬರ್ ಟೋಪಿ) ಬಿಗಿಯಾಗಿರುವುದರಿಂದ ಹೊರಗೆ ಬರುವುದಿಲ್ಲ. ಅದರ ಜೊತೆ ಸೇರಿದ ಕೆಮ್ಮಣ್ಣು ಗುಂಡಿಯ ಸ್ಪ್ರಿಂಗನ್ನು ಹಿಡಿದುಕೊಳ್ಳುತ್ತದೆ. ಗುಂಡಿ ಪೂರ್ತಿ ಹೊರಗೆ ಬರದೆ ಅರ್ಧಕ್ಕೆ ನಿಂತರೆ, ಭಾರ ಬಿದ್ದಾಗ ಕೋಲು ಥಟ್ಟನೆ ಒಂದು ತೂತು ಕೆಳಗೆ ಜಾರುತ್ತದೆ. ವಾರಕ್ಕೊಮ್ಮೆ ಬುಷ್ ಕಿತ್ತು, ಕೋಲನ್ನು ತಲೆಕೆಳಗಾಗಿ ಒರಗಿಸಿ, ಗುಂಡಿಯನ್ನು ಹತ್ತು ಸಲ ಒತ್ತಿ ಬಿಟ್ಟರೆ ಸಾಕು.

ಅಳತೆ ಎರಡೂ ಕಂಕುಳ ಕೋಲಿಗೆ ಒಂದೇ. ದೇಹದ ಎತ್ತರದಲ್ಲಿ 40 ಸೆಂ.ಮೀ. ಕಳೆದರೆ ಕೋಲಿನ ಅಂದಾಜು ಉದ್ದ ಸಿಗುತ್ತದೆ. 165 ಇದ್ದವರಿಗೆ 125. ಆಮೇಲೆ ದಿನಾ ಹಾಕುವ ಚಪ್ಪಲಿ ಹಾಕಿಯೇ ನಿಂತು ನೋಡಬೇಕು. ಕೋಲಿನ ಬುಡ ಪಾದದ ಪಕ್ಕಕ್ಕೆ ಸುಮಾರು 15 ಸೆಂ.ಮೀ. ದೂರದಲ್ಲಿ, ತುಸು ಮುಂದಕ್ಕೆ ಇರಲಿ. ಆಗ ಕಂಕುಳಿಗೂ ದಿಂಬಿಗೂ ನಡುವೆ ಎರಡು ಮೂರು ಬೆರಳು ತೂರಬೇಕು, ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು, ಮೊಣಕೈ 20ರಿಂದ 30 ಡಿಗ್ರಿ ಬಾಗಿರಬೇಕು. ಭಾರ ಹೊರುವುದು ಅಂಗೈ. ಕಂಕುಳ ದಿಂಬು ಪಕ್ಕೆಗೆ ಅವುಚಿಕೊಳ್ಳಲು ಮಾತ್ರ. ದಣಿದಾಗ ಅದರ ಮೇಲೆ ಜೋತುಬಿದ್ದು ನಿಲ್ಲುವ ಅಭ್ಯಾಸದಿಂದ ಕಂಕುಳಲ್ಲಿ ಹಾದುಹೋಗುವ ನರ ಒತ್ತಿಕೊಂಡು, ಬೆರಳು ಜೋಮು ಹಿಡಿಯುತ್ತದೆ. ಬಿಡದೆ ಮುಂದುವರಿದರೆ ಮಣಿಕಟ್ಟನ್ನೇ ಎತ್ತಲಾಗದ ಸ್ಥಿತಿ ಬರಬಹುದು.

ಮೊಣಕೈ ಕೋಲು

ಒಂದು ಕೋಲು ಸುಮಾರು ಅರ್ಧ ಕಿಲೋ. ಈ ಹಗುರ ಎಲ್ಲರಿಗಿಂತ ಹೆಚ್ಚು ಮುಖ್ಯ ಪೋಲಿಯೊ ಆದ ಹಿರಿಯರಿಗೆ. ನೈಸರ್ಗಿಕ ಪೋಲಿಯೊ ವೈರಸ್‌ನ ಕೊನೆಯ ಪ್ರಕರಣ ಭಾರತದಲ್ಲಿ ಕಂಡದ್ದು 2011ರ ಜನವರಿಯಲ್ಲಿ. ಆದರೆ ಎಪ್ಪತ್ತು, ಎಂಬತ್ತರ ದಶಕದಲ್ಲಿ ಕಾಲಿನ ಬಲ ಕಳೆದುಕೊಂಡವರಲ್ಲಿ ಬಹುತೇಕರು ಈಗ ನಲವತ್ತು ದಾಟಿದ್ದಾರೆ. ಎರಡೂ ಕೋಲು ಮುಂದಿಟ್ಟು ದೇಹವನ್ನೇ ತೂಗಿ ಎಸೆಯುವ ನಡಿಗೆಯಿಂದ ಅವರ ಭುಜ ಸವೆದಿದೆ.

ಅಂಗಳದ ದಣಪೆ (ಅಡ್ಡ ಗಳದ ಗೇಟು) ತೆಗೆಯಲು, ಬಸ್ಸಿನ ಕಂಬಿ ಹಿಡಿಯಲು ಹಿಡಿ ಬಿಟ್ಟರೂ ಕೋಲು ಮುಂಗೈಗೆ ನೇತಾಡುತ್ತಿರುತ್ತದೆ. ಕಂಕುಳ ಕೋಲಿನವರು ಇದೇ ಕೆಲಸಕ್ಕೆ ಕೋಲನ್ನು ಗೋಡೆಗೆ ಒರಗಿಸಬೇಕು, ಅದು ಜಾರಿ ಬೀಳಬೇಕು, ಯಾರಾದರೂ ಎತ್ತಿಕೊಡಬೇಕು.

ಮುಂಗೈ ಹಿಡಿದುಕೊಳ್ಳುವ ಪಟ್ಟಿಯಲ್ಲಿ ಎರಡು ಬಗೆ. ಮುಂದೆ ತೆರೆದದ್ದು, ಮತ್ತು ಬಳೆಯ ಹಾಗೆ ಸುತ್ತ ಮುಚ್ಚಿಕೊಳ್ಳುವುದು. ನೇತುಹಾಕಲು ಬಳೆಯದ್ದೇ ಚೆಂದ. ಆದರೆ ಜಾರಿದಾಗ ತೆರೆದದ್ದು ಕೈ ಬಿಟ್ಟು ಆಚೆ ಬೀಳುತ್ತದೆ. ಬಳೆಯದ್ದು ಕೈಗೆ ಸಿಕ್ಕಿಕೊಂಡೇ ಇದ್ದು, ನೆಲಕ್ಕೆ ಅಂಗೈ ಕೊಡಲು ಬಿಡುವುದಿಲ್ಲ. ನಮ್ಮ ಮಳೆಗೆ ತೆರೆದದ್ದೇ ಸರಿ. ಪಟ್ಟಿ ಮೊಣಕೈಗಿಂತ ಎರಡು ಬೆರಳು ಕೆಳಗಿರಲಿ. ಒದ್ದೆಯಾದಾಗ ಪ್ಲಾಸ್ಟಿಕ್ ಹಿಡಿ ಜಾರುತ್ತದೆ, ಫೋಮ್ ಹಿಡಿ ನೀರು ಕುಡಿದು ನಾರುತ್ತದೆ. ಕ್ರಿಕೆಟ್ ಬ್ಯಾಟಿನ ರಬ್ಬರ್ ಗ್ರಿಪ್ ಅಳತೆಗೆ ಕತ್ತರಿಸಿ ಏರಿಸಿದ್ದು ಮಳೆಗಾಲ ಪೂರ್ತಿ ಬಾಳಿತು.

ಇದು ಎಲ್ಲರಿಗೂ ಆಗುವುದಿಲ್ಲ. ಬೆನ್ನು, ಸೊಂಟದ ಸ್ನಾಯು ಸೋತವರಿಗೆ, ಅಂಗೈ ಹಿಡಿತ ಕಡಿಮೆ ಇದ್ದವರಿಗೆ ಕಂಕುಳ ಕೋಲು ಪಕ್ಕೆಗೆ ಕೊಡುವ ಆಸರೆ ಬೇಕೇಬೇಕು. ಅಂಥವರಿಗೆ ಅಲ್ಯೂಮಿನಿಯಂ ಕಂಕುಳ ಕೋಲು. ಉಳಿದವರಿಗೆ ಮೊಣಕೈ ಕೋಲೇ ನಮ್ಮ ಆಯ್ಕೆ. ಉಚಿತ ಸಲಕರಣೆ ಶಿಬಿರಗಳಿಗೆ ಹೋಗುವವರು ತಮಗೆ ಬೇಕಾದ್ದು ಯಾವುದೆಂದು ಅಳತೆ ತೆಗೆಯುವ ದಿನವೇ ಹೆಸರು ಹಿಡಿದು ಹೇಳಬೇಕು. ವಿತರಣೆಯ ದಿನ ಕೇಳಿ ಪ್ರಯೋಜನವಿಲ್ಲ.

ಬುಷ್

ಕೋಲು ಯಾವುದೇ ಇರಲಿ, ಬೀಳಿಸುವುದೂ ನಿಲ್ಲಿಸುವುದೂ ಬುಡದ ಈ ರಬ್ಬರ್. ಹೊಸ ಬುಷ್ ಹಾಕಿದ ಹಳೆಯ ಮರದ ಕೋಲು, ಸವೆದ ಬುಷ್ಷಿನ ಹೊಸ ಮೊಣಕೈ ಕೋಲಿಗಿಂತ ಎಷ್ಟೋ ವಾಸಿ. ಕೊಳ್ಳುವಾಗ ಒಳಗೆ ಬೆರಳು ಹಾಕಿ ನೋಡಿ, ತಳದಲ್ಲಿ ಲೋಹದ ಬಿಲ್ಲೆ ಇರಬೇಕು. ಬಿಲ್ಲೆ ಇಲ್ಲದ ಅಗ್ಗದ ಬುಷ್ಷನ್ನು ಕೊಳವೆಯ ಅಂಚು ಒಳಗಿನಿಂದಲೇ ಕೊರೆಯುತ್ತದೆ, ಒಂದು ದಿನ ಅಲ್ಯೂಮಿನಿಯಂ ಹೊರಗೆ ಇಣುಕುತ್ತದೆ. ಒದ್ದೆ ಕಲ್ಲಿನ ಮೇಲೆ ಬರೀ ಲೋಹ ಊರಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಅಳತೆ ಮಿಲಿಮೀಟರ್ ಲೆಕ್ಕದಲ್ಲಿ. 19, 22, 25 ಸಾಮಾನ್ಯ. ಕೊಳವೆಗೆ ಕಾಗದದ ಪಟ್ಟಿ ಸುತ್ತಿ, ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ಸರಿಯಾದ ಸಂಖ್ಯೆ ಬರುತ್ತದೆ. 22ರ ಕೊಳವೆಗೆ 25ರದ್ದು ಹಾಕಿ ಒಳಗೆ ಬಟ್ಟೆ ತುರುಕುವ ಉಪಾಯ ಕೆಸರಿನಲ್ಲಿ ಕೆಲಸಕ್ಕೆ ಬಾರದು. ಕೆಸರು ಬುಷ್ಷನ್ನು ಹೀರಿ ಇಟ್ಟುಕೊಳ್ಳುತ್ತದೆ, ಕೋಲು ಮಾತ್ರ ಮೇಲೆ ಬರುತ್ತದೆ. ಹೊಸದು ಬಿಗಿಯಿದ್ದರೆ ಸೋಪಿನ ನೀರಲ್ಲಿ ಅದ್ದಿ ತಿರುಗಿಸುತ್ತಾ ಏರಿಸಿ. ಎಣ್ಣೆ ಹಚ್ಚಬೇಡಿ, ರಬ್ಬರ್ ಕೆಡುತ್ತದೆ, ಬುಷ್ ಜಾರಿ ಕಳಚುತ್ತದೆ.

ತಳದ ಉಂಗುರ ಗೆರೆಗಳು ಒಂದು ಬದಿಯಲ್ಲಿ ಅಳಿಸಿದರೂ ಬದಲಿಸಬೇಕು. ಗೆರೆ ಇದ್ದರೂ ಉಗುರು ಒತ್ತಿದಾಗ ಗುರುತು ಮೂಡದಿದ್ದರೆ ರಬ್ಬರ್ ಸತ್ತಿದೆ ಎಂದು ಅರ್ಥ. ಹೀಗಾಗಲು ನಮ್ಮ ಕಡೆ ಮುಖ್ಯ ಕಾರಣ ಬಚ್ಚಲ ಒಲೆ. ನೆನೆದ ಕೋಲನ್ನು ಹಂಡೆಯ ಪಕ್ಕ ಒಣಗಲು ಒರಗಿಸುತ್ತಾರೆ, ಬೆಂಕಿಯ ಝಳಕ್ಕೆ ಬುಷ್ ಗಟ್ಟಿಯಾಗುತ್ತದೆ. ಅಡಿಕೆ, ಕೊಡೆ, ಕಂಬಳಿ ಎಲ್ಲ ಅಲ್ಲಿ ಒಣಗಲಿ, ಕೋಲು ಮಾತ್ರ ಜಗಲಿಯಲ್ಲಿ.

ಅಂಗಳ, ಸಂಕ, ಮೆಟ್ಟಿಲು

ಜಾರಬಾರದೆಂದು ಅಂಗಳಕ್ಕೆ ಅಡಿಕೆ ಮರ ಸೀಳಿದ ದಬ್ಬೆ ಹಾಸುತ್ತೇವೆ. ಕಾಲಿಗೆ ಅದು ಒಳ್ಳೆಯದು, ಕೋಲಿಗೆ ಬಲೆ. ನಡೆಯುವ ದಿಕ್ಕಿಗೇ ಉದ್ದಕ್ಕೆ ಹಾಸಿದರೆ ಬುಷ್ ಎರಡು ದಬ್ಬೆಗಳ ಸಂದಿಗೆ ಇಳಿದು ಸಿಕ್ಕಿಕೊಳ್ಳುತ್ತದೆ. ದಾರಿಗೆ ಅಡ್ಡವಾಗಿ, ಸಂದಿ ಒಂದು ಬೆರಳಿಗಿಂತ ಕಡಿಮೆ ಬಿಟ್ಟು, ಅಲುಗದಂತೆ ಗೂಟ ಹೊಡೆದು ಹಾಸಿ. ಸೋಗೆ (ಅಡಿಕೆ ಗರಿ) ಹಾಸಿದ ಜಾಗದಲ್ಲಿ ಮೂರೂ ಕೋಲುಗಳು ಸೋತವು. ಸೋಗೆಯೇ ಕೋಲಿನ ಜೊತೆ ಜಾರುತ್ತದೆ. ಜಂಬಿಟ್ಟಿಗೆಯ ಪಾಚಿಗೆ ಬ್ಲೀಚಿಂಗ್ ಪೌಡರ್ ಎರಚಿ, ಅರ್ಧ ಗಂಟೆ ಬಿಟ್ಟು, ಗಟ್ಟಿ ಬ್ರಷ್‌ನಲ್ಲಿ ಉಜ್ಜಿದರೆ ಕೆಲವು ದಿನ ನಿಶ್ಚಿಂತೆ. ಆ ನೀರು ಬಾವಿಯತ್ತ ಹರಿಯದಂತೆ ನೋಡಿಕೊಳ್ಳಿ. ಸಂಕ (ಹಳ್ಳದ ಕಾಲುಸೇತುವೆ) ದಾಟಲು ಸೊಂಟದೆತ್ತರಕ್ಕೆ ಗಳ ಕಟ್ಟಿರಲೇಬೇಕು, ಇಲ್ಲದಿದ್ದರೆ ಯಾವ ಕೋಲೂ ಬೇಡ, ಸುತ್ತಿಕೊಂಡು ಹೋಗಿ.

ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಹಿಂದೆ ಕೋಲು. ಇಳಿಯುವಾಗ ಕೋಲು ಮೊದಲು, ಗಟ್ಟಿ ಕಾಲು ಕೊನೆಗೆ. ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರಿಗೆಂದು ಶೇ. 5ರ ನಿಧಿ ಇದೆ. ಅದರಿಂದ ಏನೇನು ಪಡೆಯಬಹುದೆಂದು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ, ಅರ್ಜಿ ಬರೆದೇ ಕೊಡಿ.

ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಬಿಡಿಸಲು ಬಾಗುವುದು ಕಷ್ಟ. ಸುಣ್ಣ, ಹೊಗೆಸೊಪ್ಪಿನ ಬಟ್ಟೆಗಂಟನ್ನು ಕೋಲಿಗೆ ಬುಡದಿಂದ ಒಂದು ಗೇಣು ಮೇಲೆ ಕಟ್ಟಿದರೆ ನಿಂತಲ್ಲೇ ಮುಟ್ಟಿಸಬಹುದು. ಮಳೆಗೆ ತೊಳೆದುಹೋಗುವುದರಿಂದ ದಿನಾ ಹೊಸದು ಬೇಕು. ಬೆನ್ನುಹುರಿ ಪೆಟ್ಟಾಗಿ ಕಾಲಲ್ಲಿ ಸ್ಪರ್ಶವಿಲ್ಲದವರಿಗೆ ಉಂಬಳ ಕಚ್ಚಿದ್ದೇ ಗೊತ್ತಾಗುವುದಿಲ್ಲ, ಮನೆಗೆ ಬಂದ ಕೂಡಲೇ ಬೆರಳ ಸಂದಿ ನೋಡಬೇಕು.

ಕೊಡೆ ಹಿಡಿಯಲು ಮೂರನೇ ಕೈ ಇಲ್ಲವಲ್ಲ

ರೈನ್‌ಕೋಟಿನ ತೋಳು ಮೊಣಕೈ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ, ತೋಳಿನಿಂದ ಇಳಿದ ನೀರು ಅಂಗೈಗೇ ಬರುತ್ತದೆ. ಕಂಬಳಿ ಕೊಪ್ಪೆ ಬೆಚ್ಚಗಿದ್ದರೂ ನೆನೆದರೆ ಭುಜಕ್ಕೆ ಭಾರ. ಎಲ್ಲದರಲ್ಲಿ ಗೆದ್ದದ್ದು ಸಾದಾ ಪ್ಲಾಸ್ಟಿಕ್ ಕೊಪ್ಪೆ. ಮುಂಭಾಗವನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಬೇಕು, ಇಲ್ಲವಾದರೆ ಕೋಲು ಎಲ್ಲಿ ಊರಿದೆಯೆಂದೇ ಕಾಣದು. ಕರೆಂಟು ಹೋದ ಸಂಜೆಗೆ ಹಣೆಗೆ ಕಟ್ಟುವ ಟಾರ್ಚು.

ಬಸ್ಸಿನಲ್ಲಿ, ಪಕ್ಕದಲ್ಲಿ ನಿಂತವರಿಗೆ

ಕೆಎಸ್‌ಆರ್‌ಟಿಸಿಯ ವಿಕಲಚೇತನರ ರಿಯಾಯಿತಿ ಪಾಸ್ ವರ್ಷಕ್ಕೆ 660 ರೂಪಾಯಿ, ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿ. ಪಾಸ್ ಇದ್ದರೂ ಮೊದಲ ಮೆಟ್ಟಿಲು ಎತ್ತರವೇ. ಬಸ್ಸು ಮಣ್ಣಿನ ಅಂಚಿಗಿಂತ ದಿಣ್ಣೆಯ ಪಕ್ಕ ನಿಂತರೆ ಅರ್ಧ ಕಷ್ಟ ಕಡಿಮೆ. ಡ್ರೈವರಿಗೆ ಹೇಳಿದರೆ ಸಾಮಾನ್ಯವಾಗಿ ನಿಲ್ಲಿಸುತ್ತಾರೆ.

ಸಹಾಯ ಮಾಡುವವರು ರಟ್ಟೆ ಹಿಡಿದು ಮೇಲೆಳೆಯಬೇಡಿ. ರಟ್ಟೆ ಎಳೆದ ಕ್ಷಣ ಕೋಲು ನೆಲ ಬಿಡುತ್ತದೆ, ಇಬ್ಬರೂ ಬೀಳುತ್ತೀರಿ. "ಎಲ್ಲಿ ಹಿಡೀಲಿ?" ಅಂತ ಕೇಳಿ. ಬೇಕೆಂದರೆ ಒಂದು ಮೆಟ್ಟಿಲು ಕೆಳಗೆ, ಹಿಂದೆ ನಿಂತು ಸೊಂಟದ ಬೆಲ್ಟ್ ಹಿಡಿದುಕೊಳ್ಳಿ. ಕೂತ ಮೇಲೆ ಕೋಲನ್ನು ಮೇಲಿನ ಲಗೇಜ್ ಕಂಬಿಗೆ ಏರಿಸುವ ಉಪಕಾರವೂ ಬೇಡ. ಅದು ಸೀಟಿನ ಕೆಳಗೆ, ಉದ್ದಕ್ಕೆ, ಅವರ ಕೈಗೆ ಸಿಗುವ ಹಾಗೆ ಇರಲಿ. ತೀರ್ಥಹಳ್ಳಿ ದಾರಿಯ ಮಂಡಗದ್ದೆ ತಿರುವಿನಲ್ಲಿ ಉರುಳದಂತೆ ಕಾಲಿನಿಂದ ಒತ್ತಿ ಹಿಡಿದರಾಯಿತು.